ಸತ್ತ ಬ್ಯಾಟರಿಯೂ ನನ್ನ ಕನ್ನಡ ಪರೀಕ್ಷೆಯೂ

ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಮೂರು ಮಕ್ಕಳ ತಂದೆಯಾದ ಮೇಲೆ, ಶಹಾಪುರ ತಹಸೀಲ ಕಚೇರಿಯಲ್ಲಿ ಸಾಹೇಬರ ಮುಂದೆ ಕಾಗದಪತ್ರ ಮಂಡಿಸುವ ಪೇಶ್ಕಾರನೆಂದು ಹದಿನೆಂಟು ವರ್ಷ ಮೆರೆದ ಮೇಲೆ, ನಾನು ಅ ಆ ಇ ಈ ತಿದ್ದಲು ಕುಳಿತೆ. ತಿದ್ದಿಸುವವಳು ನನ್ನ ಹೆಂಡತಿ. ಇದಕ್ಕಿಂತ ದೊಡ್ಡ ಕಷ್ಟ ಹಳೆಯ ಹೈದರಾಬಾದು ಸಂಸ್ಥಾನದಲ್ಲಿ ಯಾರಿಗಾದರೂ ಬಂದಿದ್ದರೆ ಅವರು ಮುಂದೆ ಬರಲಿ, ನಾನು ಎದ್ದು ಜಾಗ ಬಿಡುತ್ತೇನೆ.

ನನಗೆ ಕನ್ನಡ ಬರುವುದಿಲ್ಲವೆಂದಲ್ಲ. ಹುಟ್ಟಿ ಅತ್ತದ್ದು ಕನ್ನಡದಲ್ಲಿ, ಮದುವೆಗೆ ಒಪ್ಪಿದ್ದು ಕನ್ನಡದಲ್ಲಿ, ಆಮೇಲೆ ದಿನವೂ ಬೈಸಿಕೊಳ್ಳುತ್ತಿರುವುದೂ ಕನ್ನಡದಲ್ಲಿಯೇ. ಆದರೆ ನಿಜಾಮರ ಕಾಲದ ಶಾಲೆಯಲ್ಲಿ ಕಲಿತದ್ದು ಉರ್ದು. ಬಾಯಲ್ಲಿ ಕನ್ನಡ, ಕೈಯಲ್ಲಿ ಉರ್ದು. ಹೀಗೆ ಬಾಯಿಗೂ ಕೈಗೂ ಸಂಬಂಧವಿಲ್ಲದೆ ಸುಖವಾಗಿದ್ದೆ. ಅಷ್ಟರಲ್ಲಿ ನಾಡು ಒಂದಾಯಿತು, ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ನಾನು ಸಿಕ್ಕಿಬಿದ್ದೆ. ಇನ್ನು ಮೇಲೆ ಕಚೇರಿಯ ಕಾಗದಪತ್ರವೆಲ್ಲ ಕನ್ನಡದಲ್ಲಿ ಎಂದು ಹುಕುಂ ಬಂತು. ಏಪ್ರಿಲ್ ತಿಂಗಳಲ್ಲಿ ಯಾದಗಿರಿಯಲ್ಲಿ ಪರೀಕ್ಷೆ. ಪಾಸಾದವನು ತನ್ನ ಕುರ್ಚಿಯಲ್ಲಿ. ಫೇಲಾದವನು ಹಳೆಯ ದಫ್ತರಗಳ ಕತ್ತಲೆ ಕೋಣೆಯಲ್ಲಿ, ಗೆದ್ದಲಿನ ಸಹವಾಸದಲ್ಲಿ. ಹಾಜರಾಗದವನೂ ಫೇಲಾದವನೇ ಎಂದು ಕೊನೆಯ ಸಾಲಿನಲ್ಲಿತ್ತು. (ಆ ಹುಕುಂ ಕನ್ನಡದಲ್ಲೇ ಇದ್ದುದರಿಂದ ಅದನ್ನು ನನಗೆ ಓದಿ ಹೇಳಿದವಳೂ ಹೆಂಡತಿಯೇ.)

ಹೆಂಡತಿ ಗೊಲ್ಲಾಳಮ್ಮ ಸಿಂದಗಿ ಕಡೆಯವಳು. ಅದು ಆಗ ಮುಂಬಯಿ ಸರ್ಕಾರದ ಸೀಮೆ, ಅಲ್ಲಿ ಕನ್ನಡ ಶಾಲೆಗಳಿದ್ದವು, ಇವಳು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಇಪ್ಪತ್ತು ವರ್ಷ ಅವಳ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ಧಾರೆಯ ಸೀರೆಯ ಕೆಳಗೆ ಮಲಗಿತ್ತು. ಹುಕುಂ ಬಂದ ದಿನ ಎದ್ದು ಕುಳಿತಿತು. ಮರುದಿನ ಬೆಳಿಗ್ಗೆ ನನ್ನ ಕೈಗೆ ಪಾಟಿಯೂ ಬಳಪವೂ ಬಂದವು.

ಮೊದಲ ದಿನ ನಾನು ಬಲಗಡೆಯಿಂದ ಬರೆಯಲು ಸುರು ಮಾಡಿದೆ. ಅದನ್ನು ಬಿಡಿಸಲು ಅವಳಿಗೆ ಒಂದು ವಾರ ಹಿಡಿಯಿತು. ಎಡಗಡೆಗೆ ಬಂದ ಮೇಲೆ ಒತ್ತಕ್ಷರಗಳು ಅಡ್ಡ ನಿಂತವು. ಒಂದು ಅಕ್ಷರದ ಕಾಲಡಿಯಲ್ಲಿ ಇನ್ನೊಂದು ಅಕ್ಷರ ಜೋತುಬಿದ್ದಿರುವುದು ನನಗೆ ಮರ್ಯಾದೆಯ ಕೆಲಸವೆಂದು ತೋರಲಿಲ್ಲ. ಬಿಟ್ಟುಬಿಡುತ್ತಿದ್ದೆ. ಮನೆಯ ಸಾಮಾನಿಗೆಲ್ಲ ಕನ್ನಡದಲ್ಲಿ ಹೆಸರಿನ ಚೀಟಿ ಬರೆದು ಅಂಟಿಸಿರಿ, ಕೈ ಪಳಗುತ್ತದೆ ಎಂದು ಅವಳು ಹೇಳಿದಳು. ಅಂಟಿಸಿದೆ. ಸಂಜೆ ಪರಿಶೀಲನೆ ನಡೆಯಿತು.

"ಇದೇನ್ರಿ, ಬೆಣೆ ಅಂತ ಬರದೀರಿ? ಬೆಣ್ಣಿ ಗಡಿಗಿ ಇದು. ನಿಮ್ಮ ಚೀಟಿ ಓದಿದವರು ಸುತ್ತಿಗಿ ತಗೊಂಡು ಬರ್ತಾರ."

"ಒಂದು ಒತ್ತು ಬಿಟ್ರ ಏನಾತು? ಓದೋರು ತಿಳ್ಕೋತಾರ" ಎಂದೆ.

"ಉರ್ದುದಾಗ ತಿಳ್ಕೋತಾರ. ಕನ್ನಡದಾಗ ಬರದಷ್ಟೇ ಓದ್ತಾರ್ರಿ."

ಅವಳ ಈ ಮಾತು ಕೇಳಿ ನಾನು ನಕ್ಕಿದ್ದೆ. ಆ ನಗುವಿಗೆ ದಂಡ ತೆರುವ ದಿನ ದೂರವಿರಲಿಲ್ಲ.

ಇನ್ನು ನನ್ನ ಮೋಟಾರಿನ ವಿಷಯ. ಜಾಗೀರುಗಳು ಹೋದಾಗ ಒಬ್ಬ ಜಾಗೀರದಾರರ ಮನೆಯ ಸಾಮಾನೆಲ್ಲ ವಿಲೇವಾರಿಯಾಯಿತು. ಆಗ ಬೇರೆಯವರು ಬುದ್ಧಿವಂತರಾಗಿ ಕಪಾಟು, ಗಡಿಯಾರ, ಹಂಡೆ ಒಯ್ದರು. ನಾನು ಮೋಟಾರು ಒಯ್ದೆ. ಕಪ್ಪು ಬಣ್ಣ, ಉಬ್ಬಿದ ಮಡ್‌ಗಾರ್ಡು, ರಾಜಗಾಂಭೀರ್ಯದ ಹಾರನ್ನು. ಮುಂದುಗಡೆ ಚುಚ್ಚಿ ತಿರುವುವ ಹ್ಯಾಂಡಲ್ಲು ಮಾತ್ರ ಆಗಲೇ ಕಳೆದುಹೋಗಿತ್ತು. ಸೆಲ್ಫ್ ಒತ್ತಿದರೆ ಎಂಜಿನ್ನು ಏಳಬೇಕು, ಇಲ್ಲದಿದ್ದರೆ ಇಲ್ಲ. ಗೊಲ್ಲಾಳಮ್ಮನಿಗೆ ಅದರ ಮೇಲೆ ಮೊದಲಿನಿಂದಲೂ ಪ್ರೀತಿಯಿಲ್ಲ. "ಎತ್ತಿನ ಗಾಡಿಗಿ ಎರಡು ಎತ್ತು ಸಾಕು. ಇದನ್ನ ದಬ್ಬಾಕ ಎಂಟು ಮಂದಿ ಬೇಕು" ಎನ್ನುತ್ತಾಳೆ.

ಆ ಮೋಟಾರಿನ ಲೈಟಿನ ಗುಂಡಿ ಎರಡು ಕಡೆಗೆ ತಿರುಗುತ್ತದೆ. ಒಂದು ಕಡೆ ಜಾಗೀರದಾರರ ಡ್ರೈವರು ಉರ್ದುವಿನಲ್ಲಿ 'ಬಂದ್' ಎಂದು ಚೀಟಿ ಅಂಟಿಸಿದ್ದ. ಇನ್ನೊಂದು ಕಡೆಯ ಚೀಟಿ ಉದುರಿಹೋಗಿತ್ತು. ಕನ್ನಡದ ಉತ್ಸಾಹದಲ್ಲಿ ನಾನು ಉರ್ದು ಚೀಟಿಯನ್ನು ಕೆರೆದು, ಅದೇ ಜಾಗದಲ್ಲಿ ಅದೇ ಮಾತನ್ನು ನನ್ನ ಸ್ವಹಸ್ತಾಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿದೆ. ಭಾಷಾಸೇವೆ ಎಂದರೆ ಹೀಗಿರಬೇಕು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಪರೀಕ್ಷೆ ಸೋಮವಾರ. ಅದರ ಹಿಂದಿನ ಶನಿವಾರ ಬೋನಾಳದಲ್ಲಿರುವ ಅವಳ ತಂಗಿಯ ಮನೆಗೆ ಹೋಗಿ, ಸುಡುಬಿಸಿಲಿರುವಾಗಲೇ, ನಾಲ್ಕು ಗಂಟೆಗೆ, ಮನೆ ಮುಟ್ಟಿದೆವು. ಗಾಡಿಯನ್ನು ಕೊಟ್ಟಿಗೆಯೊಳಗೆ ನಿಲ್ಲಿಸಿ, ತಂಗಿ ಕೊಟ್ಟ ಮೊಸರಿನ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿದೆ. ನನ್ನದು ಎಚ್ಚರಿಕೆಯ ಸ್ವಭಾವ. ಹಚ್ಚದ ದೀಪವನ್ನೂ ಆರಿಸಲು ಹೇಳುವವನು ನಾನು.

"ಏ, ಲೈಟ್ ಹತ್ತ್ಯಾದೇನು ನೋಡು. ಹತ್ತಿದ್ರ ಶಾಂತ ಮಾಡಿ ಬಾ" ಎಂದು ಕೂಗಿ ಒಳಗೆ ಹೋದೆ. ಅವಳು ಬಂದಳು. ಕೊಟ್ಟಿಗೆಗೆ ಬೀಗ ಬಿತ್ತು.

ಸೋಮವಾರ ಬೆಳಗಿನ ಆರು ಗಂಟೆಯ ಬಸ್ಸು ನಮ್ಮ ಮನೆಯ ಮುಂದೆಯೇ ಹಾದುಹೋಯಿತು. "ಅದಕ್ಕ ಹೋಗಬಾರದೇನ್ರಿ?" ಎಂದಳು ಗೊಲ್ಲಾಳಮ್ಮ. ಮನೆಯಲ್ಲಿ ಮೋಟಾರು ಕಟ್ಟಿಕೊಂಡ ಪೇಶ್ಕಾರ ಬಸ್ಸಿನಲ್ಲಿ ಕೋಳಿಬುಟ್ಟಿಗಳ ನಡುವೆ ಕೂತು ಹೋಗುವುದೇ? ಏಳೂವರೆಗೆ ಶೇರವಾನಿ ತೊಟ್ಟು, ಹಣೆಗೆ ವಿಭೂತಿ ಧರಿಸಿ, ಸಿಂಹಾಸನಾರೂಢನಾಗಿ ಸೆಲ್ಫ್ ಒತ್ತಿದೆ.

ಟಕ್ ಎಂದಿತು. ಇನ್ನೊಮ್ಮೆ ಒತ್ತಿದೆ. ಟ ಎಂದಿತು. ಮೂರನೆಯ ಸಲ ಅರ್ಧಾಕ್ಷರವೂ ಹೊರಡಲಿಲ್ಲ.

ಯಾದಗಿರಿಗೆ ಮುಂದಿನ ಬಸ್ಸು ಮಧ್ಯಾಹ್ನಕ್ಕೆ, ಪರೀಕ್ಷೆ ಹನ್ನೊಂದಕ್ಕೆ. ಕಣ್ಣ ಮುಂದೆ ದಫ್ತರದ ಕೋಣೆ ಬಂತು, ಅದರ ಗೆದ್ದಲೂ ಬಂತು. ಓಣಿಯ ಎಂಟು ಜನರನ್ನು ಕರೆದು ತಂದೆ. ಅವರು ಧೋತರ ಬಿಗಿದು ಕಟ್ಟಿ ದಬ್ಬಿದರು. ನಾನು ಒಳಗೆ ಕುಳಿತು ಸೇನಾಪತಿಯಂತೆ ಅಪ್ಪಣೆ ಕೊಟ್ಟೆ. ಗಾಡಿ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹೋಯಿತು, ಎಂಜಿನ್ನು ಕೆಮ್ಮಲೂ ಇಲ್ಲ. ಗೊಲ್ಲಾಳಮ್ಮ ಪಕ್ಕದಲ್ಲೇ ನಡೆದು ಬರುತ್ತಿದ್ದಳು.

"ಕೀಲಿ ತಿರುವೀರೇನ್ರಿ?"

ತಿರುವಿರಲಿಲ್ಲ. ಎಂಟೂ ಮಂದಿ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ತಿರುವಿ ಮತ್ತೆ ದಬ್ಬಿಸಿದೆ. ಆಗಲೂ ಏನೂ ಆಗಲಿಲ್ಲ. ಅಷ್ಟರಲ್ಲಿ ಇಳಿಜಾರು ಸಿಕ್ಕಿ, ಗಾಡಿ ತಾನಾಗಿಯೇ ಉರುಳುತ್ತ ಹೋಗಿ ಬಸ್ ನಿಲ್ದಾಣದ ಹತ್ತಿರ ಮಿಸ್ತ್ರಿ ಫಕ್ರುದ್ದೀನನ ಅಂಗಡಿಯ ಮುಂದೆ ನಿಂತಿತು. ಆ ಗಾಡಿ ಆವರೆಗೆ ತನ್ನ ಬುದ್ಧಿಯಿಂದ ಮಾಡಿದ ಒಂದೇ ಕೆಲಸ ಅದು.

ಫಕ್ರುದ್ದೀನ ಬ್ಯಾಟರಿಯ ಮುಚ್ಚಳ ತೆಗೆದು ಇಣುಕಿದ.

"ಪೇಶ್ಕಾರ ಸಾಬ್, ನೀವು ವಿಭೂತಿ ಹಚ್ಚಿದ್ದು ಸರಿ. ಬ್ಯಾಟರಿಗ್ಯಾಕ ಹಚ್ಚೀರಿ?"

ನೋಡಿದರೆ ವೈರು ಕೂಡುವ ಎರಡೂ ಮೊಳೆಗಳ ಮೇಲೆ ಬೆಳ್ಳಗೆ ಬೂಷ್ಟು ಬೆಳೆದು ನಿಂತಿತ್ತು. ಅವನು ಪಕ್ಕದ ಚಹದಂಗಡಿಯಿಂದ ಬಿಸಿನೀರು ತರಿಸಿ, ಅದರಲ್ಲಿ ಅಡುಗೆ ಸೋಡಾ ಕಲಸಿ ತೊಳೆದ. ಒರೆಸಿ ವ್ಯಾಸಲೀನು ಸವರಿದ.

"ಇದಕ್ಕ ನೀರು ಯಾವಾಗ ಕುಡಿಸಿದ್ರಿ?"

"ಇದಕ್ಕೂ ನೀರು ಬೇಕಾ?"

"ಎಮ್ಮಿಗಿ ದಿನಾ ಬೇಕು, ಇದಕ್ಕ ತಿಂಗಳಿಗೊಮ್ಮೆ ನೋಡಿದ್ರ ಸಾಕು. ಬಾವಿ ನೀರು ನಡಿಯಂಗಿಲ್ಲ, ಬಟ್ಟಿ ಇಳಿಸಿದ ನೀರೇ ಆಗಬೇಕು. ಮತ್ತ ವಾರಕ್ಕೊಮ್ಮೆಯಾರ ಗಾಡಿ ಓಡಸಬೇಕು. ನಿಂತ ಗಾಡಿ ಬ್ಯಾಟರಿ ಕೂತಲ್ಲೇ ಸಾಯ್ತದ." ಹೀಗೆ ಹೇಳುತ್ತ ಅವನು ಒಳಗೆ ಬಗ್ಗಿ ನೋಡಿದ. "ಇರ್ಲಿ, ಇದು ಅದರಿಂದ ಸತ್ತಿಲ್ಲ. ಲೈಟಿನ ಗುಂಡಿ ಚಾಲೂ ಅದ. ಸಣ್ಣ ದೀಪ ಎರಡು ದಿನ ಉರದಾವ."

ನನಗೆ ಸಿಟ್ಟೂ ಬಂತು, ಸಮಾಧಾನವೂ ಆಯಿತು. ಅಪರಾಧಿ ಸಿಕ್ಕಿದಳಲ್ಲ. ಗೊಲ್ಲಾಳಮ್ಮನ ಕಡೆ ತಿರುಗಿದೆ. ಪಾಪ, ನಾನು ಮನೆಯಲ್ಲೇ ಮರೆತು ಬಂದಿದ್ದ ಪೆನ್ನು, ಪರೀಕ್ಷೆಯ ಚೀಟಿ, ರೊಟ್ಟಿಗಂಟು ಹಿಡಿದುಕೊಂಡು ನಿಂತಿದ್ದಳು.

"ಶಾಂತ ಮಾಡಿ ಬಾ ಅಂದ್ರ ಹಚ್ಚಿ ಬಂದಿ. ನನ್ನ ನೌಕರಿ ಹೋಗಬೇಕಂತ ಮನಸಿನ್ಯಾಗ ಇತ್ತೇನು?"

"ನಾ ಶಾಂತ ಮಾಡೇ ಬಂದೀನ್ರಿ. ಗುಂಡಿ ಹಂತೇಕ ನೀವೇ ಬರದೀರಿ."

"ಏನು ಬರದೀನಿ?"

"ಬಂದ ಅಂತ."

"ಹೌದು. ಬಂದ್."

"ಬಂದ್ ಅಲ್ರಿ, ಬಂದ. ಓದಿ ನೋಡ್ರಿ. ದೀಪ ಬಂದ. ದೀಪಕ್ಕ ಬಂದ ಅನ್ನಬಾರದು, ಬಂತು ಅನ್ನಬೇಕು. ಬಂದ ಅಂದ್ರ ಗಂಡಸು ಬಂದ. ನಿಮ್ಮ ವ್ಯಾಕರಣ ನನಗ ಗೊತ್ತಿಲ್ಲೇನು, ಇದೂ ಒಂದು ತಪ್ಪು ಅಂತ ಹೊಟ್ಟ್ಯಾಗ ಹಾಕ್ಕೊಂಡೆ. ಗುಂಡಿ ನೋಡಿದ್ರ ದೀಪ ಬಂದ ಅನ್ನೋ ಕಡೀನೇ ಇತ್ತು. ಬಂದ ದೀಪ ಶಾಂತ ಮಾಡಬೇಕಂತ ಇನ್ನೊಂದು ಕಡಿ ತಿರುವಿದೆ. ಕೊಟ್ಟಿಗಿ ಬಾಗಲದಾಗಿಂದ ಬಿದ್ದ ಬಿಸಲಾಗ ಸಣ್ಣ ದೀಪ ಹತ್ತಿದ್ದು ಕಾಣಸ್ಲಿಲ್ಲ."

ನಾನು ಬಗ್ಗಿ ಓದಿದೆ. 'ಬಂದ' ಎಂದೇ ಇತ್ತು. ದಕಾರ ತುಂಬಿದ ಮೈಯಿಂದ ಕೂತಿತ್ತು.

"ಅರ್ಧ ದ ಬರೀಬೇಕಿತ್ತು" ಎಂದಳು ಅವಳು, ಮೆಲ್ಲಗೆ.

ಫಕ್ರುದ್ದೀನ ಕೈ ಒರೆಸಿಕೊಂಡ. "ಸಾಬ್, ನಿಮ್ಮ ಬ್ಯಾಟರಿ ತಿಂದದ್ದು ಲೈಟಲ್ಲ. ಆ ಉಳಿದ ಅರ್ಧ ದ."

ಅವನು ರಿಪೇರಿಗೆ ಬಂದಿದ್ದ ಬಸ್ಸೊಂದರ ಬ್ಯಾಟರಿಯನ್ನು ತಂದು ಪಕ್ಕದಲ್ಲಿಟ್ಟ. ದಪ್ಪ ವೈರುಗಳಿಂದ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಕೂಡಿಸಿದ. "ಇದನ್ನ ಅದಲು ಬದಲು ಮಾಡಿದ್ರ ಇಬ್ಬರೂ ಸಾಯ್ತಾರ" ಎಂದ. (ಇಬ್ಬರೂ ಎಂದರೆ ಬ್ಯಾಟರಿಗಳು ಎಂದು ನಾನು ತಿಳಿದುಕೊಂಡೆ.) ಸೆಲ್ಫ್ ಒತ್ತಿದೆ. ಎಂಜಿನ್ನು ಭರ್ ಎಂದು ಎದ್ದಿತು. ಆ ಸದ್ದಿನಷ್ಟು ಇಂಪಾದುದನ್ನು ನಾನು ಹಿಂದೆ ಕೇಳಿರಲಿಲ್ಲ. ಅವನು ವೈರು ಬಿಚ್ಚಿಕೊಂಡ.

"ಈಗ ಒಂದು ಮಾತು ನೆನಪಿಡ್ರಿ. ನಿಮ್ಮ ಬ್ಯಾಟರ್‍ಯಾಗ ಜೀವ ಇಲ್ಲ. ಡೈನಮೋ ಮ್ಯಾಗ ನಡದಾದ. ಎಂಜಿನ್ ನಿಂತ್ರ ಮತ್ತ ಏಳಂಗಿಲ್ಲ. ಸುಮ್ಮ ಮೆಲ್ಲಕ ತಿರುಗಾಕ ಬಿಟ್ರೂ ನಿಲ್ತದ. ಗಾಡಿ ನಿಂತಾಗೂ ಆಕ್ಸಿಲರೇಟರಿನ ಮ್ಯಾಗ ಕಾಲು ಒತ್ತೇ ಇರಬೇಕು. ವಾಪಸ್ ಬಂದು ನನ್ನ ಅಂಗಡಿ ಮುಂದ ಆರಸ್ರಿ, ಚಾರ್ಜಿಗಿ ಇಡ್ತೀನಿ."

"ನಾ ಪರೀಕ್ಷಾದಾಗ ಕೂತಾಗ ಕಾಲು ಯಾರು ಒತ್ತಬೇಕು?"

ಇಬ್ಬರೂ ಗೊಲ್ಲಾಳಮ್ಮನ ಕಡೆ ನೋಡಿದೆವು. ಅವಳು ರೊಟ್ಟಿಗಂಟಿನೊಡನೆ ಮುಂದಿನ ಸೀಟಿನಲ್ಲಿ ಹತ್ತಿ ಕುಳಿತಳು.

ಗಾಡಿ ಯಾದಗಿರಿಯ ದಾರಿ ಹಿಡಿಯಿತು. ನನಗೆ ತಪ್ಪಾಯಿತೆನ್ನುವ ಮನಸ್ಸಿತ್ತು, ಆದರೆ ನಾಲಿಗೆ ಏಳಲಿಲ್ಲ. ಕುರಿಹಿಂಡು ಅಡ್ಡ ಬಂದಾಗಲೆಲ್ಲ ಜೀವ ಕೈಯಲ್ಲಿ ಹಿಡಿದು, ಗೇರು ಬಿಡಿಸಿ, ಎಂಜಿನ್ನನ್ನು ಅರಚಿಸುತ್ತ ನಿಂತೆ. ಕುರಿಗಳು ದಿಕ್ಕಾಪಾಲಾಗಿ ಓಡಿದವು. ಕುರುಬರು ನನ್ನ ವಂಶದ ಬಗ್ಗೆ ಏನೇನೋ ಹೇಳಿದರು. ಅಂತೂ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಯಾದಗಿರಿಯ ಶಾಲೆಯ ಅಂಗಳ ಸೇರಿದೆವು. ಹೆಂಡತಿಯನ್ನು ಡ್ರೈವರನ ಜಾಗದಲ್ಲಿ ಕೂರಿಸಿ, ಅವಳ ಕಾಲನ್ನು ಸರಿಯಾದ ಕಡೆ ಇಡಿಸಿ, ನಾನು ಒಳಗೆ ಓಡಿದೆ.

ಒಳಗೆ ನನ್ನಂಥ ನಲವತ್ತು ಜನ ಗುಮಾಸ್ತರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕುಳಿತಿದ್ದರು. ಹನ್ನೊಂದು ಹೊಡೆದು ಕಾಲು ಗಂಟೆಯಾದರೂ ಪರೀಕ್ಷೆ ಸುರುವಾಗಲಿಲ್ಲ. ಉಕ್ತಲೇಖನ ಓದಬೇಕಾಗಿದ್ದ ಪಂಡಿತರು ಹಿಂದಿನ ದಿನ ಎಲ್ಲಿಯೋ ಮದುವೆಯ ಊಟ ಮಾಡಿ ಹೊಟ್ಟೆ ಕೆಡಿಸಿಕೊಂಡು ಮಲಗಿದ್ದರಂತೆ. ಪರೀಕ್ಷೆಯ ಉಸ್ತುವಾರಿ ನಸೀರುದ್ದೀನ ಸಾಹೇಬರದು. ವಯಸ್ಸಾದವರು, ಒಳ್ಳೆಯವರು. ಪ್ರಶ್ನೆಪತ್ರಿಕೆಯನ್ನು ಹಿಡಿದು ಬೆವರುತ್ತಿದ್ದರು. "ಭಾಯಿ, ಓದಾಕ ನನಗೂ ಬರಂಗಿಲ್ಲ. ಮುಂದಿನ ಸಲದ ಪರೀಕ್ಷಾಕ್ಕ ನಾನೂ ಕೂಡಾವ" ಎಂದರು. ಪರೀಕ್ಷೆ ಮುಂದಕ್ಕೆ ಹೋದರೆ? ಆ ಗಾಡಿಯಲ್ಲಿ ಇನ್ನೊಮ್ಮೆ ಬರುವ ಶಕ್ತಿ ನನಗಿರಲಿಲ್ಲ.

ಹೊರಗೆ ಎಂಜಿನ್ನಿನ ಗದ್ದಲ. ಸಾಹೇಬರು ಸಿಟ್ಟಿನಿಂದ ಎದ್ದು ಹೋದರು. ನಾನೂ ಹಿಂದೆ ಓಡಿದೆ.

"ಅಮ್ಮಾರ, ಇದನ್ನ ಬಂದ್ ಮಾಡ್ರಿ. ಒಳಗ ಪರೀಕ್ಷಾ ಅದ."

"ಬಂದ್ ಮಾಡಿದ್ರ ಮತ್ತ ಏಳಂಗಿಲ್ರಿ" ಎಂದಳು ಗೊಲ್ಲಾಳಮ್ಮ, ಕಾಲು ತೆಗೆಯದೆ. "ಸಾಹೇಬ್ರ, ನಿಮ್ಮ ಬಾಗಲದ ಬೋರ್ಡಿನ್ಯಾಗ ಪರಿಕ್ಷೆ ಅಂತ ಬರದೀರಿ. ರೀಗೆ ದೀರ್ಘ ಬೇಕ್ರಿ."

ಸಾಹೇಬರು ಬೋರ್ಡನ್ನು ನೋಡಿದರು, ಅವಳನ್ನು ನೋಡಿದರು. "ನಿಮಗ ಕನ್ನಡ ಓದಾಕ ಬರ್ತದೇನು?"

"ಮುಲ್ಕಿ ಪಾಸಾಗೀನ್ರಿ."

ಸಾಹೇಬರ ಮುಖ ಅರಳಿತು. ಒಳಗೆ ಬಂದು ಉಕ್ತಲೇಖನ ಓದಬೇಕೆಂದು ಕೈಮುಗಿದು ಕೇಳಿಕೊಂಡರು. ಅವಳೇನೋ ಸಿದ್ಧ, ಆದರೆ ಕಾಲು? ಕಡೆಗೆ ಸಾಹೇಬರೇ ದಾರಿ ತೋರಿಸಿದರು. ಗಾಡಿಯನ್ನು ಕಿಟಕಿಯ ಹತ್ತಿರ ತಂದು ನಿಲ್ಲಿಸಿದೆವು. ಹೆಂಡತಿ ಒಳಗೆ ಹೋಗಿ ಮೇಜಿನ ಹಿಂದೆ ನಿಂತಳು. ನಾನು ಸ್ಟೇರಿಂಗಿನ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಕಾಗದ, ಆಕ್ಸಿಲರೇಟರಿನ ಮೇಲೆ ಕಾಲು ಇಟ್ಟುಕೊಂಡು ಪರೀಕ್ಷೆಗೆ ಕುಳಿತೆ.

ಅವಳು ಸೆರಗು ಸರಿಮಾಡಿಕೊಂಡು ಗಂಟಲೆತ್ತಿ ಓದಿದಳು: "ಕರ್ತವ್ಯನಿಷ್ಠನಾದ ಕಾರ್ಯಕರ್ತನು ಗ್ರಾಮಸ್ಥರ ಕಷ್ಟನಷ್ಟಗಳನ್ನು ಪ್ರತ್ಯಕ್ಷವಾಗಿ ವೀಕ್ಷಿಸಿ..."

ನನಗೆ ಬೆವರು ಹರಿಯಿತು. ಒತ್ತಿನ ಮೇಲೆ ಒತ್ತು. ಇನ್ನೊಂದು ವಿಚಿತ್ರ ಅಂದರೆ, ಒತ್ತಕ್ಷರ ಬಂದಾಗಲೆಲ್ಲ ನನಗೇ ತಿಳಿಯದಂತೆ ಕಾಲೂ ಒತ್ತಿಬಿಡುತ್ತಿತ್ತು. 'ನಿಷ್ಠ' ಎನ್ನುವಾಗ ಎಂಜಿನ್ನು ಗುರ್ ಎಂದಿತು. 'ಪ್ರತ್ಯಕ್ಷ' ಎನ್ನುವಾಗ ಹುಲಿಯ ಹಾಗೆ ಗರ್ಜಿಸಿತು. ಮೊದಲು ಒಳಗಿದ್ದವರು ನಕ್ಕರು. ಐದು ನಿಮಿಷದಲ್ಲಿ ಅವರಿಗೆ ಗುಟ್ಟು ತಿಳಿಯಿತು. ಎಂಜಿನ್ನು ಕೂಗಿದ ಕಡೆಯಲ್ಲೆಲ್ಲ ನಲವತ್ತೂ ಪೆನ್ನುಗಳು ಒಂದೊಂದು ಒತ್ತು ಹಾಕಿದವು. ಹಾಕಬೇಕೆಂದು ಎಲ್ಲರಿಗೂ ತಿಳಿಸಿದವನು ನಾನು. ಯಾವ ಒತ್ತು ಎಂದು ನನಗೇ ತಿಳಿಯಲಿಲ್ಲ.

ಕಾಗದವೂ ಹಲಗೆಯೂ ಗಾಡಿಯ ಜೊತೆ ಗಡಗಡ ನಡುಗುತ್ತಿದ್ದವು. ನನ್ನ ಅಕ್ಷರಗಳಿಗೆ ಚಳಿಜ್ವರ ಬಂದಿತ್ತು.

ಫಲಿತಾಂಶದ ಪಟ್ಟಿ ಅಂದಿನ ಸಂಜೆಯ ರೈಲಿನಲ್ಲೇ ಗುಲಬರ್ಗಾಕ್ಕೆ ಹೋಗಬೇಕಾಗಿತ್ತು. ಪಂಡಿತರು ಏಳುವ ಲಕ್ಷಣವಿರಲಿಲ್ಲ. ತಿದ್ದುವ ಕೆಲಸವೂ ಗೊಲ್ಲಾಳಮ್ಮನ ಪಾಲಿಗೆ ಬಂತು; ಸಾಹೇಬರು ಪಕ್ಕದಲ್ಲಿ ಕುಳಿತು ಅಂಕ ಕೂಡಿಸಿದರು. ಪಾಸಾಗಲು ನೂರಕ್ಕೆ ಮೂವತ್ತೈದು. ನಾನು ಗಾಡಿಯಲ್ಲೇ ಕುಳಿತು, ಕಾಲು ಜೋಮು ಹಿಡಿದು, ಕಿಟಕಿಯಿಂದ ಅವಳ ಮುಖವನ್ನೇ ನೋಡಿದೆ. ಆ ಮುಖದ ಮೇಲೆ ಏನೂ ಬರೆದಿರಲಿಲ್ಲ. ನನ್ನ ಕಾಗದ ಬಂದಾಗ ಅವಳು ಬಹಳ ಹೊತ್ತು ಕೆಂಪು ಶಾಯಿ ಆಡಿಸಿದಳು. ಸಾಹೇಬರು ಏನೋ ಕೇಳಿದರು, ಅವಳು ತಲೆ ಬಗ್ಗಿಸಿ ಸುಮ್ಮನಿದ್ದಳು. ಬೆಳಿಗ್ಗೆ ಎಲ್ಲರೆದುರು ಬೈದದ್ದು ನೆನಪಾಯಿತು. ಶಿವನೇ, ಇವಳು ಈಗ ಮುಯ್ಯಿ ತೀರಿಸಿದರೆ ಕೇಳುವವರಾರು?

ನಾಲ್ಕು ಗಂಟೆಗೆ ಸಾಹೇಬರು ಹೊರಗೆ ಬಂದರು. "ಮುಬಾರಕ್ ಸೂಗಪ್ಪನವರ. ಮೂವತ್ತೈದು. ಪಾಸಾದ್ರಿ."

ನನ್ನ ಕಣ್ಣಲ್ಲಿ ನೀರು ಬಂತು. ಹೇಳಲು ನಾಚಿಕೆಯಿಲ್ಲ, ಬಂತು. ಹದಿನೆಂಟು ವರ್ಷದ ಕುರ್ಚಿ ಉಳಿಯಿತು. ಹೆಂಡತಿ ಬಂದು ಪಕ್ಕದಲ್ಲಿ ಕುಳಿತಳು. ಊರು ದಾಟಿ ಭೀಮೆಯನ್ನೂ ದಾಟಿದ ಮೇಲೆ ನನ್ನ ನಾಲಿಗೆ ಎದ್ದಿತು.

"ಮುಂಜಾನಿ ಫಕ್ರುದ್ದೀನನ ಮುಂದ ನಿನಗ ಹಂಗ ಅನ್ನಬಾರದಿತ್ತು. ತಪ್ಪು ನಂದೇ ಇತ್ತು."

"ಇರ್ಲಿ ಬಿಡ್ರಿ" ಎಂದಳು. ರೊಟ್ಟಿಗಂಟು ಬಿಚ್ಚಿ, ನಾನು ಸ್ಟೇರಿಂಗು ಬಿಡುವಂತಿರಲಿಲ್ಲವಾದ್ದರಿಂದ, ಖಾರದ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿಯ ತುತ್ತನ್ನು ತಾನೇ ನನ್ನ ಬಾಯಿಗಿಟ್ಟಳು. ಹೊಟ್ಟೆಗೆ ಬಿದ್ದ ಮೇಲೆ ನನಗೆ ಜಂಬವೂ ಮರಳಿತು.

"ಅಲ್ಲ, ಗಾಡಿ ಅಷ್ಟು ನಡುಗ್ತಿದ್ರೂ ಮೂವತ್ತೈದು ತಗೊಂಡೆ. ಒಳಗ ಬೆಂಚಿನ ಮ್ಯಾಗ ಕೂತಿದ್ರ ಐವತ್ತು ದಾಟ್ತಿತ್ತು, ಏನಂತಿ?"

ಅವಳು ಇನ್ನೊಂದು ತುತ್ತು ಮುರಿದಳು.

"ನಾ ಹಾಕಿದ್ದು ಮೂವತ್ತೊಂದ್ರಿ."

"ಮತ್ತ ಮೂವತ್ತೈದು?"

"ಅಕ್ಷರ ನಡಗ್ಯಾವ ಅಂತ ನಾಲ್ಕು ಕಡಿಮಿ ಮಾಡಿದ್ದೆ. ಸಾಹೇಬ್ರು ನೋಡಿ, ಅಮ್ಮಾರ, ಇದು ಪೇಶ್ಕಾರನ ತಪ್ಪಲ್ಲ, ಎಂಜಿನ್ನಿಂದು, ಆ ನಾಲ್ಕು ವಾಪಸ್ ಕೊಡ್ರಿ ಅಂದ್ರು. ಕೊಟ್ಟೆ."

"ಸರಿಯಾಗೇ ಹೇಳ್ಯಾರಲ್ಲ."

"ಮನ್ಯಾಗ ಪಾಟಿ ಮ್ಯಾಗ ಬರಿಯುವಾಗ ಯಾವ ಎಂಜಿನ್ ಇರ್ತೈತ್ರಿ?" ಎಂದಳು ಗೊಲ್ಲಾಳಮ್ಮ. "ನಿಮ್ಮ ಅಕ್ಷರ ಯಾವಾಗಲೂ ಹಂಗೇ. ಸಾಹೇಬ್ರು ಕೇಳಿದಾಗ ನಾ ಸುಮ್ಮ ಕೂತೆ, ಅಷ್ಟ."

ನಾನು ತುತ್ತು ನುಂಗಿ, ದಾರಿ ನೋಡಿಕೊಂಡು ಗಾಡಿ ನಡೆಸಿದೆ. ಬ್ಯಾಟರಿ ಸರಿಯಾಗಿದ್ದಿದ್ದರೆ ನಾನು ಫೇಲಾಗುತ್ತಿದ್ದೆ.